ಮೇಷ್ಟ್ರ ಪಾಲಿನ ಉಪ್ಪು

ದೇವರ ಕೋಣೆಯಲ್ಲಿ ದತ್ತಾತ್ರಿ ಮೇಷ್ಟ್ರು ಸಂಕಲ್ಪ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಅವರ ಸೊಸೆ ಶ್ರೀವಾಣಿ ಹುಳಿ ಕುದಿಯುವುದನ್ನು ಕಾಯುತ್ತ ನಿಂತಿದ್ದಳು. ಅಜ್ಜಂಪುರದ ಈ ಮನೆಗೆ ಬಂದ ಹದಿನಾರು ವರ್ಷದಲ್ಲಿ ಆ ಸಂಕಲ್ಪವನ್ನು ಅವಳು ಎಷ್ಟು ಸಾವಿರ ಸಲ ಕೇಳಿದ್ದಳೋ ಲೆಕ್ಕವಿಲ್ಲ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ಒಂದರ ಹಿಂದೊಂದು ಬರಬೇಕು, ಬಂದೇ ಬರುತ್ತಿತ್ತು. ಅವತ್ತು ಮಾತ್ರ ಮಾಸದ ಹತ್ತಿರ ನಿಂತುಬಿಟ್ಟಿತು. ‘ಚೈತ್ರ ಮಾಸೇ’ ಅಂದರು. ಮತ್ತೆ ‘ಚೈತ್ರ ಮಾಸೇ’ ಅಂದರು. ಮೂರನೇ ಸಲಕ್ಕೆ ಶ್ರೀವಾಣಿ ಸೌಟು ಕೆಳಗಿಟ್ಟಳು. ಐದನೇ ಸಲಕ್ಕೆ, ಹಜಾರದಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಅಲಮೇಲು ತಲೆಯೆತ್ತಿ ನೋಡಿದರು.

ಅತ್ತೆ ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಸೊಸೆ ದೇವರ ಕೋಣೆಯ ಹೊಸ್ತಿಲಲ್ಲಿದ್ದಳು. ಮೇಷ್ಟ್ರ ಕೈಯ ಉದ್ಧರಣೆಯಿಂದ ನೀರು ತೊಡೆಯ ಮೇಲೆ ಸುರಿದು ಪಂಚೆಯೆಲ್ಲ ಒದ್ದೆಯಾಗಿತ್ತು. ಅವರು ಅವಳತ್ತ ತಿರುಗಿ, ಬಹಳ ಮರ್ಯಾದೆಯಿಂದ, ಹೊಸಬರನ್ನು ಕೇಳುವ ಹಾಗೆ ಕೇಳಿದರು.

“ಬೆಲ್ ಹೊಡೀತೇನಮ್ಮಾ? ಹುಡುಗರೆಲ್ಲ ಒಳಗೆ ಬಂದ್ರಾ?”

ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾಗಿ ಹದಿನೈದು ವರ್ಷ ದಾಟಿತ್ತು.

ಅಲಮೇಲು “ಅಯ್ಯೋ ರಾಮಾ, ಇದೇನ್ರೀ” ಅನ್ನುತ್ತ ಗೋಡೆ ಹಿಡಿದುಕೊಂಡರು. ಹೆದರಿಕೆ ಇಬ್ಬರಿಗೂ ಇತ್ತು, ಸುಳ್ಳೇಕೆ. ಆದರೆ ಅತ್ತೆಯ ಹೆದರಿಕೆ ಒಂದು ಥರ, ಸೊಸೆಯದು ಇನ್ನೊಂದು ಥರ. ಮಾವನಿಗೆ ಏನಾಗಿದೆ ಎಂದು ಅತ್ತೆಗೆ ಗೊತ್ತಿರಲಿಲ್ಲ. ಸೊಸೆಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂಬ ಅನುಮಾನ ಎರಡು ದಿನದಿಂದ ಇತ್ತು.

ಇದೆಲ್ಲ ಶುರುವಾದದ್ದು ಡಿಸೆಂಬರಿನಲ್ಲಿ, ಕಡೂರಿನ ಒಂದು ಕಲ್ಯಾಣಮಂಟಪದಲ್ಲಿ. ಅಲ್ಲೊಂದು ಆರೋಗ್ಯ ಶಿಬಿರ ನಡೆದಿತ್ತು. ನಡೆಸಿದವರು ಮಲ್ಲಿಕಾಂಬ, ಒಂದು ಕಾಲದಲ್ಲಿ ನರ್ಸ್ ಆಗಿದ್ದವರು, ಈಗ ಸುತ್ತಲಿನ ಊರುಗಳ ಹೆಂಗಸರನ್ನು ವಾಟ್ಸಾಪಿನಲ್ಲಿ ಸೇರಿಸಿಕೊಂಡು ‘ದಿನಚರಿ’ ಎಂಬ ಗುಂಪು ಕಟ್ಟಿದ್ದವರು. ಒಳ್ಳೆಯ ಹೆಂಗಸು, ಅವರದೇನೂ ತಪ್ಪಿಲ್ಲ. ಅವತ್ತು ಮೇಷ್ಟ್ರ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿಪಿ ನೂರೆಪ್ಪತ್ತಾರು. ಊರ ಡಾಕ್ಟರು ಬಿಪಿ ಇಳಿಯುವುದಕ್ಕೆ, ಮೈಯ ನೀರು ಇಳಿಯುವುದಕ್ಕೆ ಸೇರಿಸಿ ಒಂದು ಮಾತ್ರೆ ಬರೆದರು. ಉಪ್ಪಿನಕಾಯಿ ಹಪ್ಪಳ ಬಿಡಿ, ಅಡುಗೆಗೆ ಉಪ್ಪು ಸ್ವಲ್ಪ ಕಡಿಮೆ ಮಾಡಿ ಅಂದರು. ಸ್ವಲ್ಪ ಅಂದರು, ಅಷ್ಟೆ.

ಶ್ರೀವಾಣಿ ಯಾವ ಕೆಲಸವನ್ನೂ ಸ್ವಲ್ಪ ಮಾಡುವ ಜಾತಿಯವಳಲ್ಲ. ಮನೆಗೆ ಬಂದವಳೇ ಒಂದು ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನವರೆಗೆ ನಡಿಗೆ, ಬಂದು ಪ್ರಾಣಾಯಾಮ, ದಿನಕ್ಕೆ ಹದಿನಾರು ಲೋಟ ನೀರು, ಒಂಬತ್ತಕ್ಕೆ ನಿದ್ದೆ. ಮೇಷ್ಟ್ರಿಗೆ ಪಟ್ಟಿ ಎಂದರೆ ಪ್ರಾಣ. ಪ್ರತಿ ಲೋಟಕ್ಕೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕುಡಿದರು. ಬಾಯಾರಿಕೆ ಇಲ್ಲದಿದ್ದರೂ ಕುಡಿದರು.

ಉಪ್ಪಿನ ವಿಷಯ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಅರ್ಧಕ್ಕರ್ಧ ಇಳಿಸೋಣ ಎಂದು ಮೊದಲ ದಿನವೇ ಅತ್ತೆಯ ಮುಂದೆ ಬಾಯಿಬಿಟ್ಟಿದ್ದಳು. ಅಲಮೇಲು ಮುಖ ಸಿಂಡರಿಸಿ, ಸಪ್ಪೆ ಅನ್ನ ಬಡಿಸುವುದಕ್ಕೆ ಅವರೇನು ಹಾಸಿಗೆ ಹಿಡಿದಿದ್ದಾರಾ, ನಾನಿರೋವರೆಗೆ ಈ ಮನೆಯಲ್ಲಿ ಅದಾಗದು ಅಂದಿದ್ದರು. ಶ್ರೀವಾಣಿ ಎದುರಾಡಲಿಲ್ಲ. ಮಾತಿನಲ್ಲಿ ಆಗದ್ದನ್ನು ಕೈಯಲ್ಲಿ ಮಾಡಿದಳು.

ಅದು ಸುಲಭವೂ ಆಗಿತ್ತು. ಆ ಮನೆಯಲ್ಲಿ ದೇವರಿಗೆ ನೈವೇದ್ಯವಾಗುವ ತನಕ ಯಾರೂ ಅಡುಗೆಯ ರುಚಿ ನೋಡುವಂತಿಲ್ಲ, ಮಾಡಿದವರೂ ನೋಡುವಂತಿಲ್ಲ. ನೈವೇದ್ಯಕ್ಕೆ ಎತ್ತಿಟ್ಟ ಅನ್ನ, ಹುಳಿ, ಪಲ್ಯವನ್ನು ಮೇಷ್ಟ್ರು ಪೂಜೆ ಮುಗಿಸಿ ಹನ್ನೊಂದಕ್ಕೆ ಒಬ್ಬರೇ ಕೂತು ಉಣ್ಣುತ್ತಿದ್ದರು. ಮಿಕ್ಕವರ ಊಟ ಆಮೇಲೆ. ಅತ್ತೆಗೆ ಮಂಡಿನೋವು ಬಂದ ಮೇಲೆ ಒಲೆ ಶ್ರೀವಾಣಿಯ ಕೈಯಲ್ಲೇ ಇತ್ತು. ಮಾವನ ಪಾಲು ತೆಗೆದಿಟ್ಟ ಮೇಲೆ ಪಾತ್ರೆಗೆ ಉಪ್ಪು ಹಾಕಿದರೆ ಆಯಿತು, ಯಾರಿಗೆ ತಿಳಿಯುತ್ತದೆ? ಮೊದಲ ವಾರ ಮಾವನ ಪಾಲಿಗೆ ಅರ್ಧ, ಆಮೇಲೆ ಕಾಲು, ಸಂಕ್ರಾಂತಿಯ ಹೊತ್ತಿಗೆ ಏನೇನೂ ಇಲ್ಲ. ಸಂಜೆಯ ಉಪ್ಪಿಟ್ಟೂ ಹಾಗೇ, ರಾತ್ರಿಯ ಚಪಾತಿಯೂ ಹಾಗೇ.

ಮೇಷ್ಟ್ರು ಒಂದು ದಿನವೂ ಕೇಳಲಿಲ್ಲ. ಊಟಕ್ಕೆ ಕೂತು ಅದು ಸರಿಯಿಲ್ಲ, ಇದು ಸರಿಯಿಲ್ಲ ಅನ್ನುವುದು ಸಂಸ್ಕಾರವಿಲ್ಲದವರ ಕೆಲಸ ಎಂದು ಅವರು ಮಗನಿಗೆ ಹೇಳಿ ಬೆಳೆಸಿದ್ದವರು. ಅವರು ಸುಮ್ಮನೆ ಉಂಡರು. ಗೊತ್ತೇ ಆಗಿಲ್ಲ ಎಂದು ಶ್ರೀವಾಣಿ ಒಳಗೊಳಗೇ ಹಿಗ್ಗಿದಳು.

ಹಿಗ್ಗುವುದಕ್ಕೆ ಕಾರಣವೂ ಇತ್ತು. ಬಿಪಿ ನೂರೈವತ್ತಕ್ಕೆ ಬಂತು, ನೂರಮೂವತ್ತೆರಡಕ್ಕೆ ಬಂತು, ಮಾರ್ಚಿನಲ್ಲಿ ನೂರಿಪ್ಪತ್ತಕ್ಕೆ ಬಂತು. ಅದಕ್ಕಿಂತ ಹೆಚ್ಚಿನದು ಇನ್ನೊಂದು. ಹೆಂಡತಿಯ ಜತೆ ‘ನೀರು’, ‘ಕನ್ನಡಕ’, ‘ಬಾಗಿಲು ಹಾಕು’ ಬಿಟ್ಟು ಬೇರೆ ಮಾತಾಡಿ ಗೊತ್ತಿಲ್ಲದ ಮೇಷ್ಟ್ರು ‘ನೀನು ಉಂಡ್ಯಾ?’ ಎಂದು ಕೇಳತೊಡಗಿದರು. ನಡಿಗೆಗೆ ಹೋದವರು ಪಂಚೆಯ ಸೆರಗಿನಲ್ಲಿ ದೇವಕಣಗಿಲೆ ಹೂವು ತಂದು ಹೆಂಡತಿಯ ಮುಂದೆ ಸುರಿದರು. ಒಂದು ಸಂಜೆಯಂತೂ ಜಗಲಿಯ ಮೇಲೆ ಕೂತು ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಅಲಮೇಲು ನಾಚಿ ನೀರಾಗಿ, ಯಾರಾದ್ರೂ ನೋಡ್ತಾರೆ ಬಿಡ್ರೀ ಅನ್ನುತ್ತ ಸೀರೆ ಎಳೆದುಕೊಳ್ಳುತ್ತಿದ್ದರು. ಶ್ರೀವಾಣಿ ಇದನ್ನೆಲ್ಲ ಗುಂಪಿನಲ್ಲಿ ಬರೆದಳು: ಪ್ರಾಣಾಯಾಮದಿಂದ ಮನಸ್ಸು ಎಷ್ಟು ಮೃದುವಾಗುತ್ತದೆ ನೋಡಿ! ಚಪ್ಪಾಳೆಯ ಗುರುತುಗಳು ಸಾಲುಸಾಲಾಗಿ ಬಂದವು. ಮುಂದಿನ ಭಾನುವಾರ ಕಡೂರಿನಲ್ಲಿ ಮುನ್ನೂರು ಜನರ ಮುಂದೆ ನೀವೇ ಮಾತಾಡಬೇಕು ಎಂದು ಮಲ್ಲಿಕಾಂಬ ಒಪ್ಪಿಸಿಬಿಟ್ಟಿದ್ದರು. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಬಿಸಿಲು ಏರಿತು. ಮೇಷ್ಟ್ರು ತಲೆನೋವು ಅಂದರು. ಹೊಟ್ಟೆ ತೊಳೆಸುತ್ತೆ ಅಂದರು. ಸ್ಟೇಷನ್ನಿನ ದಾರಿಯಲ್ಲಿ ಒಂದೆರಡು ಸಲ ಮುಗ್ಗರಿಸಿದರು. ಬಿಸಿಲಿಗೆ ಅಲ್ವಾ ಮಾವ, ಇನ್ನೆರಡು ಲೋಟ ಜಾಸ್ತಿ ಕುಡೀರಿ ಎಂದಳು ಶ್ರೀವಾಣಿ. ಅವರು ಕುಡಿದರು, ಗುರುತು ಹಾಕಿದರು. ಎರಡು ದಿನದ ಹಿಂದೆ ಮಗನ ಹೆಸರು ಮರೆತು ‘ಇವನು, ಇವನು’ ಎಂದು ತಡವರಿಸಿದಾಗ ಅವಳು ಫೋನಿನಲ್ಲಿ ಹುಡುಕಿದಳು. ಉಪ್ಪು ಕಡಿಮೆಯಾಗಿ, ನೀರು ಹೆಚ್ಚಾಗಿ ಮೈಯಲ್ಲಿ ಉಪ್ಪಿನಂಶ ತೀರಾ ಇಳಿದರೆ ವಯಸ್ಸಾದವರಿಗೆ ಮಂಕು ಕವಿಯುತ್ತದೆ, ಫಿಟ್ಸ್ ಬರುತ್ತದೆ, ಜೀವಕ್ಕೂ ಅಪಾಯ ಎಂದು ಅಲ್ಲಿ ಬರೆದಿತ್ತು. ಮೂರು ಸಾಲು ಓದಿ ಫೋನನ್ನು ಮಗುಚಿಟ್ಟಳು. ಇರಲಾರದು ಅಂದುಕೊಂಡಳು. ನಿನ್ನೆ ಮಾವನ ಹುಳಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು, ಅವರು ಎರಡು ತುತ್ತಿಗೇ ಎದ್ದುಬಿಟ್ಟರು. ಇವತ್ತು ಚೈತ್ರ ಮಾಸ ದಾಟಲಿಲ್ಲ.

ಪಕ್ಕದ ಮನೆಯ ಬಸವೇಶ್ ಕಾರು ತೆಗೆದ. ತರೀಕೆರೆಗೆ ಹೋಗೋಣ, ಅಲ್ಲಿ ನರ್ಸಿಂಗ್ ಹೋಮ್ ಇದೆ ಎಂದ. ಶ್ರೀವಾಣಿಯ ಗಂಡ ಮುರಳೀಕೃಷ್ಣ ಕಡೂರಿನ ಕಾಲೇಜಿನಲ್ಲಿ ಲೆಕ್ಚರರ್, ಬೆಳಗಿನ ರೈಲಿಗೇ ಹೋಗಿಯಾಗಿತ್ತು. ಅವನಿಗೆ ಫೋನ್ ಮಾಡಿದರೆ ನೇರ ತರೀಕೆರೆಗೇ ಬರುತ್ತೇನೆ ಎಂದ. ಹಿಂದಿನ ಸೀಟಿನಲ್ಲಿ ಮೇಷ್ಟ್ರ ತಲೆ ಅಲಮೇಲು ಅವರ ತೊಡೆಯ ಮೇಲಿತ್ತು. ಮುಂದಿನ ಸೀಟಿನಲ್ಲಿ ಕೂತ ಶ್ರೀವಾಣಿಯ ಕೈಯಲ್ಲಿ ನೀರಿನ ಬಾಟಲಿ ಇತ್ತು.

ಊರು ದಾಟಿ ಈರುಳ್ಳಿ ಹೊಲಗಳ ನಡುವೆ ಹೋಗುವಾಗ ಮೇಷ್ಟ್ರು ತುಟಿ ನೆಕ್ಕಿಕೊಂಡು ನೀರು ಅಂದರು. ಶ್ರೀವಾಣಿ ಕೇಳಿಸದವಳ ಹಾಗೆ ಮುಂದೆ ನೋಡುತ್ತ ಕೂತಳು.

“ನೀರು ಕೇಳ್ತಿದಾರೆ ಕಣೇ, ಕೊಡೇ” ಎಂದರು ಅಲಮೇಲು.

ಮಲಗಿದವರಿಗೆ ಕುಡಿಸಿದರೆ ನೆತ್ತಿಗೇರುತ್ತದೆ ಎಂದಳು ಸೊಸೆ. ಅದು ಸುಳ್ಳಲ್ಲ. ನಿಜವೂ ಅಲ್ಲ. ಅವಳಿಗೆ ಹೆದರಿಕೆಯಿದ್ದದ್ದು ನೀರಿನದ್ದೇ. ಬಾಯಿ ಒಣಗಿ ಹೋಗಿದೆ, ನಿನಗೇನು ಕರುಳಿಲ್ಲವಾ ಎಂದು ಅತ್ತೆ ಗದರಿದರು. ಬಸವೇಶ್ ಕನ್ನಡಿಯಲ್ಲಿ ಅವಳನ್ನೇ ನೋಡಿದ. ಕೊನೆಗೆ ಬಾಟಲಿಯ ಮುಚ್ಚಳದಲ್ಲಿ ಎರಡು ಹನಿ ಬಗ್ಗಿಸಿ ಹಿಂದಕ್ಕೆ ಕೊಟ್ಟಳು. ಬಾಯಿಬಿಟ್ಟು ಹೇಳಿಬಿಡಬೇಕು ಎಂದು ಆಗಲೇ ಅನ್ನಿಸಿತ್ತು. ತರೀಕೆರೆ ಬರುವ ತನಕ ಪ್ರತಿ ಮೈಲಿಕಲ್ಲಿನ ಹತ್ತಿರ ಅನ್ನಿಸಿತು. ಹೇಳಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಇದ್ದವರು ಡಾಕ್ಟರ್ ಅಶ್ವಿನಿ, ಮೂವತ್ತು ದಾಟಿದ್ದರೆ ಹೆಚ್ಚು. ಮೇಷ್ಟ್ರ ಎರಡೂ ಕೈ ಎತ್ತಿಸಿದರು, ನಾಲಿಗೆ ಚಾಚಿಸಿದರು, ಹೆಸರು ಕೇಳಿದರು. ಮೇಷ್ಟ್ರು ತಮ್ಮ ಹೆಸರಿನ ಬದಲು ಯಾವುದೋ ಹಳೇ ವಿದ್ಯಾರ್ಥಿಯ ಹೆಸರು ಹೇಳಿದರು. ಡಾಕ್ಟರು ಮಾತ್ರೆಯ ಚೀಟಿ ನೋಡಿದರು. ಊಟ ತಿಂಡಿ ಹೇಗೆ, ಉಪ್ಪು ಗಿಪ್ಪು ಏನಾದರೂ ಬಿಟ್ಟಿದ್ದಾರಾ ಎಂದು ಕೇಳಿದರು.

ಆ ಪ್ರಶ್ನೆ ನೇರ ಶ್ರೀವಾಣಿಯ ಎದೆಗೆ ಬಂದು ಬಡಿಯಿತು. ಅವಳು ಬಾಯಿ ತೆರೆಯುವ ಮೊದಲೇ ಅಲಮೇಲು, ಬಿಡೋದೇನು ಡಾಕ್ಟ್ರೇ, ಎಲ್ಲಾರೂ ತಿನ್ನೋದನ್ನೇ ತಿಂತಾರೆ, ನಮ್ಮ ಸೊಸೆ ದೇವರ ಹಾಗೆ ನೋಡ್ಕೋತಾಳೆ ಎಂದರು. ಹದಿನಾರು ವರ್ಷದಲ್ಲಿ ಅತ್ತೆ ಅವಳನ್ನು ಹೊರಗಿನವರ ಮುಂದೆ ಹೊಗಳಿದ್ದು ಅದೇ ಮೊದಲು. ಡಾಕ್ಟರು ಸೊಸೆಯ ಮುಖ ನೋಡಿದರು.

“ಸ್ವಲ್ಪ ಕಮ್ಮಿ ಹಾಕ್ತೀವಿ, ಅಷ್ಟೆ” ಎಂದಳು ಶ್ರೀವಾಣಿ.

ಹೇಳಿದ ಮೇಲೆ ಅವಳಿಗೇ ಅಸಹ್ಯವಾಯಿತು. ಡಾಕ್ಟರು ರಕ್ತ ತೆಗೆಸಿ ಇಟ್ಟರು. ಲಕ್ವದ ಅನುಮಾನ ಇದೆ, ತಲೆಯ ಸ್ಕ್ಯಾನ್ ಆಗಲೇಬೇಕು, ಇಲ್ಲಿ ಮಿಷನ್ ಇಲ್ಲ, ಶಿವಮೊಗ್ಗಕ್ಕೆ ಕಳಿಸುತ್ತೇನೆ, ಆಂಬ್ಯುಲೆನ್ಸಿಗೆ ಹೇಳಿದ್ದೇನೆ ಅಂದರು. ಶಿವಮೊಗ್ಗ ಎಂದರೆ ಒಂದು ಗಂಟೆಯ ದಾರಿ. ಹೋಗಲಿ, ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಅವರೇ ಕಂಡುಹಿಡಿಯುತ್ತಾರೆ, ನಾನು ಹೇಳುವ ಗೋಜೇ ಇರುವುದಿಲ್ಲ ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ಮನುಷ್ಯರ ಮನಸ್ಸು ಎಂಥ ಹೊತ್ತಿನಲ್ಲಿ ಎಂಥ ಲೆಕ್ಕ ಹಾಕುತ್ತದೆ ನೋಡಿ. ಗಂಡ ಓಡುತ್ತ ಬಂದ. ಬೆವತು ಹೋಗಿದ್ದ. ಅಪ್ಪನ ಕಾಲು ಮುಟ್ಟಿ, ಇವಳತ್ತ ತಿರುಗಿ, ನೀನು ಇದ್ದದ್ದಕ್ಕೆ ಆಯ್ತು ಕಣೇ ಅಂದ.

ಆಗಲೇ ಮೇಷ್ಟ್ರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ದವಡೆ ಬಿಗಿಯಿತು. ಮೈಯೆಲ್ಲ ಮಂಚದ ಮೇಲೆ ಹೊಡೆದುಕೊಳ್ಳತೊಡಗಿತು. ಅಲಮೇಲು ಗಂಡನ ಕಾಲುಗಳ ಮೇಲೆ ಬಿದ್ದುಬಿಟ್ಟರು. ನರ್ಸ್ ಅವರನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿದಳು. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಒಂದು ನಿಮಿಷವೋ ಎರಡೋ, ಶ್ರೀವಾಣಿಗೆ ಅದು ಮುಗಿಯದ ಹೊತ್ತು. ಮೈ ಸಡಿಲವಾದ ಮೇಲೆ ಮೇಷ್ಟ್ರ ಬಾಯಿಂದ ನೊರೆ ಇಳಿದು ಗಲ್ಲದ ಬಿಳಿ ಕುರುಚಲಿಗೆ ಹತ್ತಿತು. ಹೊರಗೆ ಆಂಬ್ಯುಲೆನ್ಸ್ ಬಂದು ನಿಂತ ಸದ್ದಾಯಿತು.

ಸ್ಟ್ರೆಚರ್ ಒಳಗೆ ಬರುವಷ್ಟರಲ್ಲಿ ಶ್ರೀವಾಣಿ ಡಾಕ್ಟರ ಹಿಂದೆ ಔಷಧಿ ಕೋಣೆಗೆ ನುಗ್ಗಿ ಬಾಗಿಲು ಮುಚ್ಚಿದಳು.

“ಸುಳ್ಳು ಹೇಳಿದೆ ಡಾಕ್ಟ್ರೇ. ಸಂಕ್ರಾಂತಿಯಿಂದ ಅವರಿಗೆ ಉಪ್ಪೇ ಹಾಕಿಲ್ಲ. ಒಂದು ಕಾಳೂ ಹಾಕಿಲ್ಲ. ಹದಿನಾರು, ಹದಿನೆಂಟು ಲೋಟ ನೀರು ಕುಡಿಸಿದೀನಿ.”

ಡಾಕ್ಟರ್ ಅಶ್ವಿನಿ ಅವಳನ್ನು ಬೈಯಲಿಲ್ಲ. ಬೈಯುವುದಕ್ಕೆ ಪುರಸೊತ್ತಿರಲಿಲ್ಲ. ಅವಳನ್ನು ಪಕ್ಕಕ್ಕೆ ಸರಿಸಿ ಹೊರಗೆ ಹೋದವರೇ ಆಂಬ್ಯುಲೆನ್ಸ್ ನಿಲ್ಲಿಸಿದರು, ಲ್ಯಾಬಿನವರಿಗೆ ಬೇರೆಲ್ಲ ಬಿಟ್ಟು ಮೊದಲು ಸೋಡಿಯಂ ನೋಡಿ ಅಂದರು. ಹತ್ತು ನಿಮಿಷಕ್ಕೆ ಚೀಟಿ ಬಂತು. ನೂರಮೂವತ್ತೈದರ ಮೇಲೆ ಇರಬೇಕಾದದ್ದು ನೂರೆಂಟಕ್ಕೆ ಇಳಿದಿತ್ತು. ಡಾಕ್ಟರು ಶಿವಮೊಗ್ಗದ ಹಿರಿಯರೊಬ್ಬರ ಜತೆ ಫೋನಿನಲ್ಲಿ ಮಾತಾಡಿಕೊಂಡು ಗಟ್ಟಿ ಉಪ್ಪುನೀರಿನ ಡ್ರಿಪ್ ಹಾಕಿಸಿದರು. ಅದನ್ನೂ ಅವಸರದಲ್ಲಿ ಏರಿಸುವಂತಿಲ್ಲವಂತೆ, ಬೇಗ ಏರಿದರೆ ಮಿದುಳಿಗೆ ಪೆಟ್ಟು, ಏರದಿದ್ದರೆ ಮತ್ತೆ ಫಿಟ್ಸ್. ದಾರಿಯಲ್ಲಿ ಇನ್ನೊಂದು ಸಲ ಬಂದಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಮುರಳಿಗೆ ಹೇಳಿದರು. ವಯಸ್ಸು, ಬಿಸಿಲು, ವಿಪರೀತ ನೀರು, ಜತೆಗೆ ಆ ಮಾತ್ರೆ, ಎಲ್ಲ ಸೇರಿ ಉಪ್ಪಿನಂಶ ಇಳಿದಿದೆ ಅಂದರು. ಇನ್ನೊಂದನ್ನು ಹೇಳಲಿಲ್ಲ.

ಸಂಜೆ ಅವಳೊಬ್ಬಳೇ ಸಿಕ್ಕಾಗ ಹೇಳಿದರು. ಉಪ್ಪು ಕಡಿಮೆ ಮಾಡಿ ಅಂದರೆ ಕಿತ್ತುಹಾಕಿ ಎಂದು ಅರ್ಥ ಅಲ್ಲ, ಯಾವ ಒಳ್ಳೆಯ ಅಭ್ಯಾಸವೂ ಕದ್ದು ಮಾಡಿಸುವಂಥದ್ದಲ್ಲ ಎಂದು ಮೆಲ್ಲನೆ, ಕಿವಿ ಹಿಂಡುವ ಹಾಗೆ ಹೇಳಿದರು. ಶ್ರೀವಾಣಿ ಕೈಮುಗಿದು, ಮನೆಯವರಿಗೆ ಹೇಳಬೇಡಿ ಅಂದಳು.

“ನಾನು ಹೇಳಲ್ಲ. ನೀವೇ ಹೇಳ್ಬೇಕು. ಡಿಸ್ಚಾರ್ಜ್ ಆಗೋದ್ರೊಳಗೆ ಮನೇಲಿ ಎಲ್ಲರಿಗೂ ಗೊತ್ತಿರಬೇಕು, ನಾಳೆ ಇನ್ನೊಬ್ಬರು ಅಡುಗೆ ಮಾಡೋರು ಇದೇ ತಪ್ಪು ಮಾಡಬಾರದಲ್ಲ.”

ಅವಳು ತಲೆಯಾಡಿಸಿದಳು. ಮಾರನೆಯ ದಿನ ಹೇಳೋಣ ಅಂದುಕೊಂಡಳು.

ಮಾರನೆಯ ದಿನ ಮೇಷ್ಟ್ರು ಕಣ್ಣು ಬಿಟ್ಟರೂ ಯಾರನ್ನೂ ಗುರುತಿಸಲಿಲ್ಲ. ನಾಲ್ಕು ಗಂಟೆಗೊಮ್ಮೆ ರಕ್ತ ತೆಗೆಯುತ್ತಿದ್ದರು. ನೂರಹನ್ನೊಂದು, ನೂರಹದಿನಾಲ್ಕು. ಮುರಳಿ ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕ ಕೂತು, ನೀನು ನೀರಿನ ವಿಷಯ ಹೇಳಿದ್ದಕ್ಕೇ ಅವರಿಗೆ ಹೊಳೆದಿದ್ದಂತೆ, ಡಾಕ್ಟ್ರೇ ಅಂದ್ರು ಎಂದ. ಅವಳು ಹೇಳಬೇಕೆಂದು ಉಸಿರೆಳೆದುಕೊಂಡಳು. ಅವನು ಅಷ್ಟರಲ್ಲಿ ಕರ್ಚೀಫಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ನಲವತ್ತೈದರ ಗಂಡಸು ಹಾಗೆ ಅಳುವುದನ್ನು ನೋಡಿ ಅವಳು ಕಾಫಿ ತರುವ ನೆಪದಲ್ಲಿ ಎದ್ದುಹೋದಳು. ಮಧ್ಯಾಹ್ನ ಮಲ್ಲಿಕಾಂಬ ಫೋನ್ ಮಾಡಿದರು. ಭಾನುವಾರ ಬರುವುದಿಲ್ಲ ಎಂದಳು. ಅಯ್ಯೋ ಪಾಪ, ಇಷ್ಟು ಚೆನ್ನಾಗಿ ನೋಡಿಕೊಂಡೂ ಹೀಗಾಯಿತಲ್ಲ ಎಂದು ಅವರು ಮರುಗಿದರು. ಶ್ರೀವಾಣಿಗೆ ಆ ಫೋನನ್ನು ಗೋಡೆಗೆ ಹೊಡೆಯುವಷ್ಟು ಸಿಟ್ಟು ಬಂತು, ಅವರ ಮೇಲಲ್ಲ. ಬಸವೇಶ್ ತನ್ನ ಮನೆಯಿಂದ ತಂದ ಬುತ್ತಿಯನ್ನು ಅತ್ತೆ ತಾವೇ ಬಿಚ್ಚಿ, ನೀನು ತಿನ್ನು ಮೊದ್ಲು, ಎರಡು ದಿನದಿಂದ ಒದ್ದಾಡಿದೀಯ ಎಂದು ಅವಳ ಕೈಗೆ ಕೊಟ್ಟರು. ಬೈಗುಳವನ್ನಾದರೂ ತಡೆದುಕೊಂಡಾಳು, ಈ ಒಳ್ಳೆಯ ಮಾತುಗಳನ್ನು ತಡೆಯುವುದು ಹೇಗೆ?

ಮೂರನೆಯ ದಿನ ಬೆಳಿಗ್ಗೆ ನೂರಿಪ್ಪತ್ತಾರು ಬಂತು. ಮೇಷ್ಟ್ರು ಕಣ್ಣು ಬಿಟ್ಟು, ಇದು ತರೀಕೆರೆಯಾ ಎಂದು ಕೇಳಿದರು. ಇವತ್ತು ಯಾವ ವಾರ ಎಂದು ಕೇಳಿದರು. ಪೇಪರ್ ಬಂದಿದೆಯಾ ಎಂದು ಕೇಳಿದರು. ಮುರಳಿ ನಕ್ಕುಬಿಟ್ಟ. ಶ್ರೀವಾಣಿ ಮಾವನ ಹೊದಿಕೆ ಸರಿಮಾಡಿದಳು. ಉಳಿದರು. ಇನ್ನು ಹೇಳಲೇಬೇಕು, ಇವತ್ತೇ, ಇಲ್ಲಿಯೇ, ಎಲ್ಲರ ಮುಂದೆ ಎಂದು ಗಟ್ಟಿ ಮಾಡಿಕೊಂಡಳು. ಗಂಡ ಮಾತು ಬಿಟ್ಟರೆ ಬಿಡಲಿ, ಅತ್ತೆ ಅಡುಗೆಮನೆಯಿಂದ ಹೊರಗೆ ಹಾಕಿದರೆ ಹಾಕಲಿ.

ಡಾಕ್ಟರು ಗಂಜಿ ಕೊಡಬಹುದು, ಉಪ್ಪು ಹಾಕಿಯೇ ಕೊಡಿ ಅಂದಿದ್ದರು. ಕ್ಯಾಂಟೀನಿನಿಂದ ತಂದ ಗಂಜಿಯನ್ನು ಅಲಮೇಲು ಚಮಚದಲ್ಲಿ ಆರಿಸಿ ಗಂಡನ ಬಾಯಿಗಿಟ್ಟರು. ಮೇಷ್ಟ್ರು ಮೊದಲ ಗುಟುಕನ್ನು ನುಂಗಲಿಲ್ಲ. ನಾಲಿಗೆಯ ಮೇಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ನುಂಗಿ, ಹೆಂಡತಿಯ ಮುಖ ನೋಡಿದರು.

“ಹರಕೆ ಮುಗೀತೇನೆ?”

ಅಲಮೇಲು ಯಾವ ಹರಕೆ ಎಂದರು. ಮತ್ತೆ ಮಂಕು ಕವಿಯಿತೇನೋ ಎಂದು ಮುರಳಿ ಬಾಗಿ ನೋಡಿದ. ಮೇಷ್ಟ್ರ ಕಣ್ಣು ತಿಳಿಯಾಗಿತ್ತು. ತಡೆತಡೆದು, ಆದರೆ ಸ್ಪಷ್ಟವಾಗಿ ಹೇಳಿದರು. ಸಂಕ್ರಾಂತಿಗೆ ಮೊದಲೇ ತಮಗೆ ಗೊತ್ತಾಗಿತ್ತಂತೆ. ದೇವರಿಗೆ ಇಟ್ಟ ನೈವೇದ್ಯದಲ್ಲೇ ಉಪ್ಪಿಲ್ಲ ಎಂದ ಮೇಲೆ ಇನ್ನೇನಿರಬೇಕು, ತಮಗೆ ಬಿಪಿ ಬಂದದ್ದಕ್ಕೆ ಇವಳು ಉಪ್ಪಿಲ್ಲದ ನೈವೇದ್ಯ ಹರಸಿಕೊಂಡಿದ್ದಾಳೆ ಅಂದುಕೊಂಡರಂತೆ. ಹರಸಿಕೊಂಡವರು ತಾವೂ ಅದನ್ನೇ ತಿನ್ನಬೇಕಲ್ಲ. ಬಾಯಿಬಿಟ್ಟು ಕೇಳಿದರೆ ಹರಕೆ ಕೆಡುತ್ತದೆ ಎಂದು ಕೇಳದೆ ಉಂಡರಂತೆ.

“ಮಂಡಿ ನೋವಲ್ಲಿ ಏಳಕ್ಕೂ ಆಗದೋಳು ನಾಲ್ಕು ತಿಂಗಳು ಸಪ್ಪೆ ತಿಂದ್ಯಲ್ಲೇ ನಂಗೋಸ್ಕರ. ನಾನು ನಿಂಗೆ ಒಂದು ದಿನ ಒಳ್ಳೇ ಮಾತಾಡಿದೋನಲ್ಲ. ಅದಕ್ಕೇ ಹೂವು ತರ್ತಿದ್ದೆ. ಇನ್ನೇನು ತರ್ಲಿ, ಹೇಳು.”

ಅಲಮೇಲು ಅವರ ಕೈಯ ಚಮಚ ಬಟ್ಟಲಿನೊಳಗೇ ನಿಂತಿತ್ತು. ಅವರು ಮೆಲ್ಲಗೆ ತಲೆ ತಿರುಗಿಸಿ ಸೊಸೆಯನ್ನು ನೋಡಿದರು. ಉಪ್ಪನ್ನು ಅರ್ಧಕ್ಕರ್ಧ ಇಳಿಸೋಣ ಎಂದು ಡಿಸೆಂಬರಿನಲ್ಲಿ ಕೇಳಿದ್ದವಳು, ಒಲೆಯ ಮುಂದೆ ಒಬ್ಬಳೇ ನಿಲ್ಲುವವಳು, ದಾರಿಯಲ್ಲಿ ನೀರು ಕೊಡದೆ ಕೂತವಳು. ಇನ್ನು ಯಾವುದನ್ನೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅಷ್ಟು ವರ್ಷದಲ್ಲಿ ಅತ್ತೆಯ ಕಣ್ಣಲ್ಲಿ ಅಂಥ ಉರಿಯನ್ನು ಶ್ರೀವಾಣಿ ಕಂಡಿರಲಿಲ್ಲ.

ಮುರಳಿಗೂ ಅರ್ಥವಾಗತೊಡಗಿತು, ಆದರೆ ಬೇರೆ ಥರ. ಅವನ ಮುಖ ಕೆಂಪಗಾಯಿತು.

“ಅಮ್ಮಾ. ಉಪ್ಪು ನಿಲ್ಸಿದ್ದು ನೀನಾ?”

“ಅಮ್ಮ ಅಲ್ಲ” ಎಂದಳು ಶ್ರೀವಾಣಿ. ದನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ. “ಅದು ನಾನು...”

“ನೀನು ಸುಮ್ನಿರು” ಎಂದರು ಅಲಮೇಲು. ಗಂಜಿಯ ಬಟ್ಟಲನ್ನು ಕೆಳಗಿಟ್ಟು ಮಗನಿಗೆ ಎದುರಾಗಿ ಕೂತರು. “ಹೂಂ ಕಣೋ, ನಾನೇ. ಹರಸ್ಕೊಂಡಿದ್ದೆ. ಇವಳಿಗೆ ಅಡುಗೇಲಿ ಹಾಕ್ಬೇಡ ಅಂತ ಹೇಳಿದ್ದೂ ನಾನೇ, ಯಾರಿಗೂ ಬಾಯಿ ಬಿಡಬೇಡ ಅಂತ ಆಣೆ ಇಟ್ಟಿದ್ದೂ ನಾನೇ.”

ಮುರಳಿ ತಾಯಿಯ ಮೇಲೆ ದನಿ ಏರಿಸಿದವನಲ್ಲ. ಅವತ್ತು ಏರಿಸಿದ. ಡಾಕ್ಟರು ಉಪ್ಪಿನ ವಿಷಯ ಕೇಳಿದಾಗ ಎಲ್ಲ ಸರಿಯಿದೆ ಅಂದೆಯಂತಲ್ಲ, ಕಣ್ಣೆದುರಿಗೆ ಅಪ್ಪ ಹಾಗೆ ಹೊಡೆದುಕೊಳ್ಳುವಾಗಲೂ ಬಾಯಿ ಬಿಡಲಿಲ್ಲವಲ್ಲ, ಕೊಂದೇ ಬಿಡುತ್ತಿದ್ದೆಯಲ್ಲ ಎಂದ. ಅವನು ಅನ್ನುತ್ತಿದ್ದ ಒಂದೊಂದು ಮಾತೂ ಶ್ರೀವಾಣಿಗೆ ಸೇರಬೇಕಾದದ್ದು. ಅವಳು ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಮಂಚದ ಮೇಲಿಂದ ಮೇಷ್ಟ್ರು ‘ಲೇ’ ಅಂದರು. ಇಡೀ ಹೈಸ್ಕೂಲನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಅದೇ ‘ಲೇ’, ಈಗ ಅರ್ಧ ಉಸಿರಿನಲ್ಲಿ. ಮುರಳಿ ಸುಮ್ಮನಾದ. ಮೇಷ್ಟ್ರು ಡ್ರಿಪ್ ಚುಚ್ಚಿದ್ದ ಕೈಯನ್ನು ಸರಿಸಿ ಹೆಂಡತಿಯ ಕೈಯ ಮೇಲಿಟ್ಟರು, ಇನ್ಮೇಲೆ ಹರಕೆಗಿರಕೆ ಬೇಡ ಕಣೇ, ಆಗಲ್ಲ ನಮ್ಮ ಕೈಲಿ ಅಂದರು. ಮಗನ ಎದುರಿಗೆ, ಸೊಸೆಯ ಎದುರಿಗೆ, ಬಾಗಿಲಲ್ಲಿ ನಿಂತ ನರ್ಸಿನ ಎದುರಿಗೆ ಇಟ್ಟ ಕೈಯನ್ನು ತೆಗೆಯಲಿಲ್ಲ.

ಅವರಿಗೆ ಜೊಂಪು ಹತ್ತಿದ ಮೇಲೆ ಅಲಮೇಲು ಎದ್ದು, ಸೊಸೆಯ ರಟ್ಟೆ ಹಿಡಿದು ಹೊರಗಿನ ಪಡಸಾಲೆಗೆ ಎಳೆದುಕೊಂಡು ಹೋದರು. ಮಂಡಿನೋವಿನ ಹೆಂಗಸಿಗೆ ಅಷ್ಟು ಬಲ ಎಲ್ಲಿತ್ತೋ. ಶ್ರೀವಾಣಿ ಅವರ ಕಾಲಿಗೆ ಬಗ್ಗಿದಳು. ತಪ್ಪಾಯಿತು ಅಂದಳು, ಇವರಿಗೂ ಮಾವನಿಗೂ ಈಗಲೇ ಹೋಗಿ ಹೇಳಿಬಿಡುತ್ತೇನೆ, ನಿಮ್ಮ ಮೇಲೆ ಈ ಮಾತು ಇರಬಾರದು ಅಂದಳು.

ಅಲಮೇಲು ಅವಳನ್ನು ಎತ್ತಲಿಲ್ಲ. ಬಿಕ್ಕುವ ದನಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮಾತಾಡಿದರು.

“ನಿನ್ನ ಮೇಲೆ ನಂಗಿರೋ ಸಿಟ್ಟು ಈ ಜನ್ಮದಲ್ಲಿ ಹೋಗಲ್ಲ, ತಿಳ್ಕೋ. ನೀನು ಅವರನ್ನ ಕೊಂದು ಹಾಕ್ತಿದ್ದೆ. ಆದ್ರೆ ನಲವತ್ತೆಂಟು ವರ್ಷದಲ್ಲಿ ಅವರು ನನ್ನನ್ನ ಹೆಂಡ್ತಿ ಅಂತ ನೋಡಿದ್ದು ಈ ನಾಲ್ಕೇ ತಿಂಗಳು ಕಣೇ. ನಾನು ಹರಸ್ಕೊಂಡಿದೀನಿ ಅಂತ ನೋಡಿದ್ದು. ನೀನು ಹೋಗಿ ನಿಜ ಹೇಳಿ ಹಗುರಾಗ್ತೀಯ. ನಂಗೆ ಏನು ಉಳಿಯುತ್ತೆ?”

ಶ್ರೀವಾಣಿ ನೆಲಕ್ಕೆ ಕೈಯೂರಿ ತಾನೇ ಎದ್ದಳು. ಹೇಳಿ ಮುಗಿಸಿದರೆ ಸಾಕು ಎಂದು ಮೂರು ದಿನ ಒದ್ದಾಡಿದ್ದಳು. ಹೇಳುವ ಬಾಗಿಲನ್ನೇ ಅತ್ತೆ ಮುಚ್ಚಿಬಿಟ್ಟಿದ್ದರು.

ಅಲಮೇಲು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮನೆಗೆ ಹೋದ್ಮೇಲೆ ಅವರ ಪಾಲು ನಾನೇ ಎತ್ತಿಡ್ತೀನಿ, ನೀನು ಮುಟ್ಟಬೇಡ ಎಂದು ಹೇಳಿ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಒಳಗೆ ಮುರಳಿ ದನಿ ತಗ್ಗಿಸಿ ಮತ್ತೆ ಶುರು ಮಾಡಿದ. ಓದಿದವಳಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ, ಶ್ರೀವಾಣಿಯನ್ನು ನೋಡಿ ಕಲಿತುಕೋ ಎಂದು ತಾಯಿಗೆ ಹೇಳುತ್ತಿದ್ದ. ಅಲಮೇಲು ಹೂಂ, ಹೂಂ ಎಂದು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ನಿದ್ದೆಯಲ್ಲಿದ್ದ ಗಂಡನ ಕೈ ಅವರ ಮಡಿಲಲ್ಲಿತ್ತು. ಶ್ರೀವಾಣಿ ಬಾಗಿಲ ಹೊರಗೆ ನಿಂತು ಅಷ್ಟನ್ನೂ ಕೇಳಿದಳು.